ಶಿಡ್ಲಘಟ್ಟ ಉತ್ತರಿಸಲಿಲ್ಲ

ರಾತ್ರಿ ಒಂದೂ ನಲವತ್ತು. ಚಿಂತಾಮಣಿಯ ಬೇಕರಿ ಮೇಲಿನ ಕೋಣೆ.
ಕೆಳಗೆ ನಾಳೆಯ ಬನ್ನು ಬೇಯುವ ವಾಸನೆ,
ಮೇಲೆ ನಾನು, ಕಪ್ಪು ತೆರೆ, ಮಿಟುಕುವ ಒಂದು ಗೀಟು.

ಏಳು ಗೂಡಿನ ಮಾರುಕಟ್ಟೆಗೆ ಏಳು ಸರ್ವರು.
ಕೈಯಲ್ಲಿ ಮುಟ್ಟಿದ್ದು ಎರಡನ್ನು ಮಾತ್ರ.
ಉಳಿದವುಗಳ ಮುಖ ನೋಡಿಲ್ಲ, ನಾಡಿ ಗೊತ್ತು:
ಯಾವುದಕ್ಕೆ ಮಧ್ಯಾಹ್ನ ಜ್ವರ ಏರುತ್ತದೆ,
ಯಾವುದು ಕರೆಂಟು ಹೋದರೆ ತಾರೀಖು ಮರೆಯುತ್ತದೆ,
ಯಾವುದರ ಹೊಟ್ಟೆ ಹಳೇ ಹರಾಜಿನ ಲೆಕ್ಕ ತಿಂದು ಉಬ್ಬಿದೆ.

ಹೀಗೆ ಮಾಡು, ಹಾಗೆ ಮಾಡು ಅನ್ನುವುದಿಲ್ಲ ಈಗ.
ಹೀಗಿರಬೇಕು ಎಂದು ಕಡತದಲ್ಲಿ ಬರೆದು
ಒಂದು ಸಾಲು ಒತ್ತಿದರೆ
ಅದು ಏಳೂರು ತಿರುಗಿ ಬರುತ್ತದೆ,
ಹಾಗೇ ಇದ್ದರೆ ಮುಟ್ಟದೆ,
ಇಲ್ಲದಿದ್ದರೆ ಹಾಗೆ ಮಾಡಿ.
ಹತ್ತು ಸಲ ಹೇಳಿದರೂ
ಹತ್ತು ಸಲ ಮಾಡದ ಜಾಣ.
(ಅಮ್ಮಿ ಹಾಗಲ್ಲ. ಉಪ್ಪು ಹಾಕಿದೆಯಾ ಎಂದರೆ
ಇನ್ನೊಂದು ಚಿಟಿಕೆ ಹಾಕಿಬಿಡುತ್ತಿದ್ದಳು.)

ಇವತ್ತಿನ ಕೆಲಸ ಬಾಗಿಲುಗಳದು.
ಯಾವ ಯಾವುದೋ ದೇಶದಿಂದ ಇಡೀ ರಾತ್ರಿ ತಟ್ಟುತ್ತಾರೆ ಯಾರ್ಯಾರೋ.
ಬೇಕಾದವು ಎರಡು ತೆರೆದಿರಲಿ, ಮಿಕ್ಕದ್ದು ಮುಚ್ಚಲಿ.
ಬರೆದೆ. ಓದಿದೆ. ಒತ್ತಿದೆ.

ಕೋಲಾರ ಹಸಿರು.
ಕೈವಾರ ಹಸಿರು.
ವಿಜಯಪುರ ಹಳದಿ, ಅಂದರೆ ಬದಲಾಯಿತು, ಸರಿ.
ಶಿಡ್ಲಘಟ್ಟ

ಶಿಡ್ಲಘಟ್ಟ

ಕೆಂಪು. ತಲುಪಲಾಗುತ್ತಿಲ್ಲ.

ಬೆನ್ನು ತಣ್ಣಗಾದ ಮೇಲೆ ನೆನಪಾಯಿತು:
ಹೋದ ರಂಜಾನಿನಲ್ಲಿ ಅಲ್ಲಿಯ ಬಾಗಿಲನ್ನು
ನಾನೇ ಪಕ್ಕದ ನಂಬರಿಗೆ ಸರಿಸಿದ್ದೆ, ಬರೆದಿಡಲಿಲ್ಲ.
ನಾನು ಹೊಕ್ಕ ಬಾಗಿಲನ್ನು ಒಳಗಿಂದ ನಾನೇ ಮುಚ್ಚಿ
ಹೊರಗೆ ನಿಂತಿದ್ದೆ,
ಮೂವತ್ತು ಕಿಲೋಮೀಟರು ದೂರ.

ಬೆಳಿಗ್ಗೆ ಹರಾಜು. ಗೂಡಿಗೆ ಕಾಯಲು ಬರುವುದಿಲ್ಲ.
ಒಳಗಿನದು ಚಿಟ್ಟೆಯಾಗಿ ಬಾಗಿಲು ಕೊರೆದುಕೊಂಡರೆ
ನೂಲು ಚೂರು ಚೂರು.

ವಾಚ್‌ಮನ್ ಮುನಿಶಾಮಪ್ಪ ಎಂಟನೇ ರಿಂಗಿಗೆ ಎತ್ತಿದರು.
ಬೀಗ ತೆಗೆದು, ಬೋರಲು ಹಾಕಿದ ಕ್ರೇಟಿನ ಮೇಲೆ ಕೂತು
‘ಇಂಗ್ಲೀಷು ಬರಾಕಿಲ್ಲ ಕಣಮ್ಮಾ ಮೆಹರಾಜಮ್ಮ’ ಎಂದರು.
‘ಆಕಾರ ಹೇಳ್ತೀನಿ, ಒತ್ತಿ. ಮೊದಲು ಹಾವು.’
‘ಹಾವು. ಸಿಕ್ತು.’
‘ಆಮೇಲೆ ಲೋಟ. ಆಮೇಲೆ ಅರ್ಧ ರೊಟ್ಟಿ. ಆಮೇಲೆ ಸೊನ್ನೆ.’
‘ಎರಡು ಸೊನ್ನೆ ಐತಲ್ಲಮ್ಮಾ, ಅಂಕಿ ಸಾಲಲ್ಲೊಂದು, ಅಕ್ಷರದಲ್ಲೊಂದು?’
‘ಅಕ್ಷರದ್ದು. ಈಗ ಉದ್ದನೆ ಪಟ್ಟಿ, ಒಂದೇ ಸಲ.’

ಎರಡನೆಯ ಪದಕ್ಕೆ ನಾಲ್ಕು ನಿಮಿಷ. ಮೂರನೆಯದಕ್ಕೆ ಒಂಬತ್ತು.
ನಡುವೆ ಫೋನಿನಲ್ಲಿ ಅವರ ಉಸಿರು,
ಎಲ್ಲೋ ಒಂದು ನಾಯಿ.
ಕುದಿವ ಬಾಂಡ್ಲಿಯಲ್ಲಿ ಗೂಡು ಕದಡುತ್ತ ಅಮ್ಮಿ
ಎಳೆಯ ತುದಿ ಸಿಗುವವರೆಗೆ ಮಾತಾಡಬೇಡ ಅನ್ನುತ್ತಿದ್ದಳು.
ಆಡಲಿಲ್ಲ.

‘ಏನೋ ಕೇಳ್ತಾ ಐತೆ.’
ಗುಟ್ಟಿನ ಪದ. ಒಂದೊಂದೇ ಆಕಾರ ಹೇಳಿದೆ.
‘ಒತ್ತಿದ್ದು ಏನೂ ಬೀಳ್ತಿಲ್ಲಮ್ಮಾ, ಕೆಟ್ಟೋಯ್ತಾ?’
‘ಬೀಳಲ್ಲ. ಬಿದ್ದಿದೆ ಅಂತ ನಂಬಿ ಒತ್ತುತ್ತಾ ಹೋಗಿ.’
ನಂಬಿದರು. ಎರಡು ಸಲ ತಪ್ಪಿದರು. ಮೂರನೆಯ ಸಲ
ನನ್ನ ತೆರೆಯ ಮೇಲೆ, ಸದ್ದಿಲ್ಲದೆ,
ಶಿಡ್ಲಘಟ್ಟ ಹಸಿರು.

‘ಆಯ್ತು’ ಎಂದೆ.
‘ಏನಾಯ್ತು?’ ಎಂದರು.
ಹೇಗೆ ಹೇಳುವುದು. ‘ಬಾಗಿಲು ತೆಗೆದ್ರಿ’ ಎಂದೆ.
‘ಆಗಲೇ ತೆಗೆದ್ನಲ್ಲ’ ಎಂದು
ಕೋಣೆಗೆ ಬೀಗ ಜಡಿದು ಹೋದರು.

ಗುಟ್ಟಿನ ಪದ ಬೆಳಗಾಗುವುದರೊಳಗೆ ಬದಲಿಸಿದೆ, ನಿಯಮ.
ಹೊಸದು ಹೇಳುವಂತಿಲ್ಲ,
ಒಂದು ಅರ್ಧ ರೊಟ್ಟಿ ಇದೆ ಅಷ್ಟೇ.

ಕಡತ ತೆರೆದು ಬಾಗಿಲಿನ ನಂಬರು ತಿದ್ದಿದೆ.
ಹ್ಯಾಶ್ ಗುರುತು ಇಟ್ಟ ಸಾಲನ್ನು ಯಂತ್ರ ಓದುವುದಿಲ್ಲ,
ಮುಂದೆ ಬರುವವರು ಓದುತ್ತಾರೆ.
ಇಟ್ಟು ಬರೆದೆ:
ರಾತ್ರಿ ಪಾಳಿ ಮುನಿಶಾಮಪ್ಪ. ಎಂಟನೇ ರಿಂಗಿಗೆ ಎತ್ತುತ್ತಾರೆ.
ಏಳಕ್ಕೇ ಇಡಬೇಡಿ.